ಮಾದೇವಮ್ಮನವರ ತಾರಸಿ

ಗಂಡನ ತಿಥಿ ಮುಗಿದು ನೆಂಟರೆಲ್ಲ ಊರಿಗೆ ಹೊರಟುಹೋದ ಮರುದಿನ ಬೆಳಿಗ್ಗೆ ಸಿಂಚನ ಬಾಗಿಲು ತೆರೆದಳು. ಪಕ್ಕದ ಮನೆಯ ಮಾದೇವಮ್ಮ ರಸ್ತೆ ಬದಿಗೆ ಮಂಚ ಎಳೆದು, ಹಳೆಯ ಪಂಚೆ ಹಾಸಿ, ಅಕ್ಕಿ ಸಂಡಿಗೆ ಒತ್ತುತ್ತಿದ್ದರು. ಆಟೋ ಒಂದು ಧೂಳೆಬ್ಬಿಸಿಕೊಂಡು ಹೋಯಿತು. ಅವರು ಸೆರಗು ಹರಡಿ ಸಂಡಿಗೆಗೆ ಮರೆ ಮಾಡಿದರು.

ಒಂಟಿಕೊಪ್ಪಲಿನ ಆ ಬೀದಿಯಲ್ಲಿ ಸಂಡಿಗೆ ರಸ್ತೆಗಿಳಿದಿದ್ದನ್ನು ಅವಳು ಕಂಡಿರಲಿಲ್ಲ.

"ದೊಡ್ಡಮ್ಮ, ಮೇಲೆ ಇಡಬಹುದಿತ್ತಲ್ಲ?"

"ಮಂಡಿನೋವು ಕಣಮ್ಮ. ಮೆಟ್ಲು ಹತ್ತಕ್ಕಾಗಲ್ಲ." ಅವರು ತಲೆ ಎತ್ತಲಿಲ್ಲ. "ತಿಂಡಿ ಆಯ್ತಾ? ಉಪ್ಪಿಟ್ಟು ತತ್ತೀನಿ ಇರು."

ಮೊನ್ನೆ ತಿಥಿಯ ದೊಡ್ಡ ಪಾತ್ರೆಗಳನ್ನು ತೊಳೆದು, ಅದೇ ಮೆಟ್ಟಿಲು ಹತ್ತಿ ಒಣಗಲು ಇಟ್ಟು ಬಂದದ್ದು ಇದೇ ಮಾದೇವಮ್ಮ.

ಸಿಂಚನಳ ಗಂಡ ವಸಂತ್ ಸೋಲಾರ್ ಕೂರಿಸುವ ಕೆಲಸದವನು. ಅವಳು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ತಾರಸಿಗೆ ನೀರು ಕಾಯಿಸುವ ಸೋಲಾರ್ ಹಾಕಲು ಬಂದು, ಪೈಪು ಸೋರುತ್ತಿದೆಯೇ ನೋಡುವ ನೆಪದಲ್ಲಿ ಮತ್ತೆ ಮತ್ತೆ ಬಂದವನು. ಮದುವೆಯಾಗಿ ಇಲ್ಲಿಗೆ ಬಂದಾಗ ಬೀದಿಯ ತಾರಸಿಗಳೆಲ್ಲ ಬರಿದು. ಬೇಸಿಗೆ ಹುಟ್ಟಿತೆಂದರೆ ಹೆಂಗಸರು ಬೆಳಕು ಹರಿಯುವ ಮೊದಲೇ ಹಿಟ್ಟು ಬೇಯಿಸಿಕೊಂಡು ಮೇಲೆ ಹತ್ತುವರು. ಆ ತಾರಸಿಯಿಂದ ಈ ತಾರಸಿಗೆ ಮಾತು, ಮಾತಿಗೊಂದು ನಗು. ವಸಂತ್ ಅರೆ ಒಣಗಿದ ಸಂಡಿಗೆ ಕದ್ದು ತಿಂದು, "ಕಾಗೆಗಿಂತ ಕಡೆ ಕಣೋ ನೀನು" ಎಂದು ಬೈಸಿಕೊಳ್ಳುವನು. ಬಾಯಿ ಒರೆಸಿಕೊಂಡು ವ್ಯಾಪಾರಕ್ಕಿಳಿಯುವನು: "ಸಂಡಿಗೆ ಒಣಗಿ ಮಿಕ್ಕ ಬಿಸಿಲೆಲ್ಲ ದಂಡ ಆಗ್ತಾ ಇದೆಯಲ್ರೀ."

ಒಬ್ಬರನ್ನು ನೋಡಿ ಒಬ್ಬರು ಒಪ್ಪಿದರು. ತಾರಸಿಗಳು ಒಂದೊಂದಾಗಿ ತುಂಬಿದವು. ಸಂಡಿಗೆಗೆ ಕೊನೆಗೆ ಉಳಿದದ್ದು ಮಾದೇವಮ್ಮನವರ ತಾರಸಿ. ಬೀದಿಯ ಹೆಂಗಸರೆಲ್ಲ ಹಿಟ್ಟಿನ ಪಾತ್ರೆ ಹೊತ್ತು ಅಲ್ಲಿಗೇ ಬರತೊಡಗಿದರು.

ಬೀದಿಗೆಲ್ಲ ಬಿಸಿಲು ಹಂಚಿದವನ ಮನೆಯ ಮೇಲೆ ಮಾತ್ರ ರಸ್ತೆಯ ಮಳೆಮರದ ನೆರಳು. ಹೋದ ದೀಪಾವಳಿಯಲ್ಲಿ ಅವನು ಆ ಒಂದು ತಾರಸಿಯನ್ನೂ ತನ್ನ ಮನೆಯ ಪ್ಯಾನೆಲ್ಲುಗಳಿಗೆಂದು ಕಡ ಕೇಳಿದ. "ಶಿವರಾತ್ರಿ ಹೊತ್ತಿಗೆ ತೆಗೆದುಬಿಡ್ತೀನಿ ದೊಡ್ಡಮ್ಮ. ಅಷ್ಟರಲ್ಲಿ ಎತ್ತರದ ಸ್ಟ್ಯಾಂಡ್ ಮಾಡಿಸಿ ನಮ್ಮನೆ ಮೇಲೇ ಕೂರಿಸ್ತೀನಿ." ಪ್ಯಾನೆಲ್ಲುಗಳು ಅಲ್ಲಿ ಕೂತವು, ವೈರು ಗೋಡೆ ದಾಟಿ ಇವಳ ಮನೆಯ ಬ್ಯಾಟರಿಗೆ ಬಂತು. ಶಿವರಾತ್ರಿಗೆ ಮೊದಲೇ, ಒಂದು ಮಧ್ಯಾಹ್ನ ಊಟಕ್ಕೆ ಕೂತವನ ಎದೆಬಡಿತ ನಿಂತಿತು.

ಸಾವಾದ ಮನೆಯವಳನ್ನು ಜಾಗ ಬಿಡು ಎಂದು ಕೇಳಲು ಬೀದಿಯಲ್ಲಿ ಯಾರಿಗೂ ಬಾಯಿ ಬಂದಿರಲಿಲ್ಲ. ಸಿಂಚನಳಿಗೂ ಬಿಡುವ ಮನಸ್ಸಿರಲಿಲ್ಲ. ಅಡುಗೆಮನೆಯ ದೀಪ, ಮೇಜಿನ ದೀಪ, ತಲೆಯ ಮೇಲಿನ ಫ್ಯಾನು ಎಲ್ಲದರಲ್ಲೂ ಅವನ ಕೆಲಸ ಇನ್ನೂ ನಡೆಯುತ್ತಿತ್ತು. ಈ ದಿನಗಳಲ್ಲಿ ಅವಳನ್ನು ತಾಕುತ್ತಿದ್ದದ್ದು ಅದೊಂದೇ.

ಉಪ್ಪಿಟ್ಟು ತಿಂದು ಕೈತೊಳೆದು, ವಸಂತನ ಜೊತೆ ಕೆಲಸ ಮಾಡುತ್ತಿದ್ದ ರಾಜೇಶನಿಗೆ ಫೋನ್ ಮಾಡಿ, ಪ್ಯಾನೆಲ್ಲುಗಳನ್ನು ನಮ್ಮ ತಾರಸಿಗೇ ತರಬೇಕು ಅಂದಳು. ಅವನು ಬಂದು ಮರವನ್ನು ನೋಡಿ ಕುತ್ತಿಗೆ ಉಜ್ಜಿಕೊಂಡ.

"ನಿಮ್ ತಾರಸಿಗೆ ಹಾಕಿದ್ರೆ ಬೆಳಿಗ್ಗೇನೇ ನೆರಳು ಬಂದ್ಬುಡುತ್ತೆ ಅಕ್ಕ. ಫ್ಯಾನ್ ಆಸೆ ಬುಟ್ಬುಡಿ. ದೀಪ ಉರಿದ್ರೆ ಪುಣ್ಯ."

"ಉರಿದಷ್ಟು ಉರೀಲಿ."

ಸ್ಪ್ಯಾನರಿನ ಸದ್ದಿಗೆ ಮಾದೇವಮ್ಮ ಮೇಲೆ ಓಡಿ ಬಂದರು. ಮಂಡಿನೋವು ಕೆಳಗೇ ಉಳಿದಿತ್ತು.

"ಯಾರಮ್ಮ ತೆಗಿ ಅಂದೋರು? ನಾನೇನಾರ ಕೇಳಿದ್ನಾ?"

"ನೀವು ಕೇಳಲಿಲ್ಲ ದೊಡ್ಡಮ್ಮ. ಅವರು ಕೇಳಿ ಇಸ್ಕೊಂಡಿದ್ರು."

ಮಾದೇವಮ್ಮ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತರು.

ರಾಜೇಶ್ ಬೋಲ್ಟಿನ ತೂತುಗಳಿಗೆ ಸಿಮೆಂಟು ಮೆತ್ತಿ ಹೋದ. ಅದು ಗಟ್ಟಿಯಾದ ಮೇಲೆ, ಮಾರನೆಯ ಬೆಳಿಗ್ಗೆ, ಸಿಂಚನ ತಾರಸಿಯನ್ನು ಗುಡಿಸಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದಳು. ನೆಲ ಆರಿತು. ಮಾದೇವಮ್ಮನವರನ್ನು ಕರೆದಳು.

"ನೋಡ್ಕೊಳ್ಳಿ ದೊಡ್ಡಮ್ಮ. ಕೊಟ್ಟಾಗ ಹೀಗೇ ಇತ್ತಾ?"

ಮಾದೇವಮ್ಮ ಬರಿಗಾಲಲ್ಲಿ ತಾರಸಿಯನ್ನು ಒಂದು ಸುತ್ತು ಬಂದರು.

"ಇಂಗೇ ಇತ್ತು," ಅಂದರು.