ಮಗ್ಗ ನಿಂತ ಹೊತ್ತು

ಶೇವಂತಿ ಸತ್ತ ಅನಸವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೀಗೆಪುಡಿಯಿಂದ ತಿಕ್ಕುತ್ತಿದ್ದಳು. ನೂಲಿನ ಕೆಂಪು ಬಣ್ಣ ಉಗುರಿನ ಸಂದಿಯಲ್ಲಿ ಬೇರು ಬಿಟ್ಟಂತೆ ಕೂತಿತ್ತು. ಎಷ್ಟು ತಿಕ್ಕಿದರೂ ಜಪ್ಪಯ್ಯ ಅನ್ನಲಿಲ್ಲ.

"ಸಾಕ ಬಿಡ ಬೇ!" ನೀರು ಹಾಕುತ್ತಿದ್ದ ನೆರೆಮನೆಯ ದಾನಮ್ಮ ಕೂಗಿದಳು. "ಶಿವಾ ಏನ್ ಕೈ ನೋಡಿ ಒಳಗ ಬಿಡ್ತಾನೇನ?"

"ಆಂ?"

"ಕೈ! ಸಾಕಂತ!"

ಕೂಗದೆ ಗತಿಯಿರಲಿಲ್ಲ. ಗೋಡೆಯಾಚೆಯೇ ಸಾವ್ಕಾರ ಗೌರೀಶನ ಮಗ್ಗದ ಶೆಡ್ಡು. ಅದರ ಪಕ್ಕ ಇನ್ನೊಂದು, ಎದುರಿಗೆ ಮತ್ತೊಂದು. ಬನಹಟ್ಟಿಯ ಈ ಓಣಿಯಲ್ಲಿ ಪಾವರ್‌ಲೂಮಿನ ಖಟಖಟ ಎಂದರೆ ಉಸಿರಿದ್ದ ಹಾಗೆ, ಇದೆ ಎಂಬುದೇ ಮರೆತಿರುತ್ತದೆ. ಅನಸವ್ವ ಆ ಗದ್ದಲದಲ್ಲೇ ಮುದುಕಿಯಾದವಳು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಗೌರೀಶನ ಶೆಡ್ಡಿನ ಮೂಲೆಯಲ್ಲಿ ಶೇವಂತಿಯ ಮಗ್ಗುಲಿಗೆ ಕೂತು ಕಂಡಕಿ ಸುತ್ತುವುದೇ ಅವಳ ಬದುಕು. ಕಂಡಕಿ ಎಂದರೆ ಲಾಳಿಯೊಳಗೆ ಕೂರುವ ಸಣ್ಣ ನೂಲುಕೊಳವೆ. ಅದು ಖಾಲಿಯಾದರೆ ಎಂಥ ಮಗ್ಗವೂ ನಿಲ್ಲಲೇಬೇಕು. ಆದರೆ ಸುತ್ತುವವರಿಗೆ ಶೆಡ್ಡಿನಲ್ಲೇ ಎಲ್ಲರಿಗಿಂತ ಕಡಿಮೆ ಪಗಾರ.

ಅಲ್ಲಿ ದನಿ ಕೇಳುವುದಿಲ್ಲವೆಂದು ಇಬ್ಬರೂ ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು. ಮಾಲೀಕನ ಮುಂದೆಯೇ ಮಾಲೀಕನನ್ನು ಬೈಯುತ್ತಿದ್ದರು.

ದಾನಮ್ಮ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದಳು. ತಲೆ ಮುಂದಕ್ಕೆ ವಾಲದಂತೆ ಹಣೆಗೊಂದು ಬಟ್ಟೆ ಕಟ್ಟಿ ಮೊಳೆಗೆ ಬಿಗಿದಳು. ವಿಭೂತಿ ಹಚ್ಚಿದಳು. ಅಳುವವರು ಯಾರಾದರೂ ಬಂದಾರೆಂದು ಬಾಗಿಲ ಕಡೆ ನೋಡಿದಳು.

"ಎಲ್ಲಿಗಿ ಬೇ?"

"ಬಂದ್ನಿ," ಎಂದು ಶೇವಂತಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಹೊರಟಳು. "ಆಕಿಗಿ ಕೊಟ್ಟ ಒಂದ ಆಣಿ ಐತಿ."

\*

ಹೋದ ಬೇಸಿಗೆಯಲ್ಲಿ ಗೌರೀಶನ ತಾಯಿ ಕಸ್ತೂರೆವ್ವ ತೀರಿಕೊಂಡಳು. ಯಾರೂ ಯಾರನ್ನೂ ಕೇಳಲಿಲ್ಲ, ಇಡೀ ಓಣಿಯ ಮಗ್ಗಗಳು ದಿನವಿಡೀ ಬಂದ್. ಹೂವಿನ ಕುರ್ಚಿಯಲ್ಲಿ ಕಸ್ತೂರೆವ್ವ ಹೊರಟಾಗ ಜನರ ನಡುವೆ ನಿಂತಿದ್ದ ಅನಸವ್ವ ಗಾಬರಿಯಾಗಿ ಶೇವಂತಿಯ ರಟ್ಟೆ ಹಿಡಿದು ತುಟಿಯಾಡಿಸಿದಳು:

'ನನ್ನ ಕಿವಿ ಹೋದ್ವು ಬೇ!'

ಶೇವಂತಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಳು. "ಕಿವಿ ಹೋಗಿಲ್ಲ ಅನಸಕ್ಕಾ, ಮಗ್ಗ ನಿಂತಾವ. ದನಿ ತಗದು ಮಾತಾಡ!"

ಅನಸವ್ವ ಬಳೆ ಅಲ್ಲಾಡಿಸಿ ನೋಡಿದಳು. ಕೇಳಿಸಿತು. ತಗಡಿನ ಮೇಲೆ ಪಾರಿವಾಳ ನಡೆಯುವುದೂ ಕೇಳಿಸಿತು. ಮಗುವಿನ ಹಾಗೆ ಕತ್ತು ವಾಲಿಸಿ ನಿಂತುಬಿಟ್ಟಳು.

"ಎಷ್ಟ ಛಲೋ ಐತಿ ಬೇ. ನಾ ಸತ್ತಾಗೂ ಹಿಂಗ ನಿಲ್ಲಸ್ತಾರೇನು?"

"ಯಾರ ಬಿಟ್ರೂ ನಾ ನಿಲ್ಲಸ್ತೇನಿ ತಗೋ."

"ಆಣಿ?"

"ನಿನ್ನಾಣಿ."

"ನಿಂತಾವಂತ ಹೇಳಬೇಕ ಮತ್ತ. ಸತ್ತಿರ್ತೇನಿ, ಗೊತ್ತಾಗಂಗಿಲ್ಲ."

\*

ಗೌರೀಶ ಶೆಡ್ಡಿನ ಬಾಗಿಲಲ್ಲೇ ಸಿಕ್ಕ. ಕೈಯಲ್ಲಿ ತೋಳು ದಪ್ಪದ ಗುಲಾಬಿ ಹಾರ.

"ತಗೋ ಶೇವಂತಕ್ಕ, ನಮ್ಮವ್ವಗ ತಂದಂಥಾದ್ದ ತರಸೇನಿ. ಅನಸವ್ವ ಬ್ಯಾರೆ ಅಲ್ಲ, ನಮ್ಮವ್ವ ಬ್ಯಾರೆ ಅಲ್ಲ."

"ಹಂಗಾರ ಒಂದ ತಾಸ ಮಗ್ಗ ಬಂದ್ ಮಾಡ್ರಿ ಸಾವ್ಕಾರ್ರ. ಆಕಿನ್ನ ಒಯ್ಯೂತನಕ."

ಗೌರೀಶನ ಮುಖ ಸಣ್ಣದಾಯಿತು. "ಹಬ್ಬದ ಮಾಲು ಕೊಡೂದೈತಲ್ಲವಾ. ನೀ ಬೇಕಾರ ಹೋಗಿ ಬಾ. ಮುಂಜಾನೆ ಸುತ್ತಿದ ಕಂಡಕಿ ಬುಟ್ಟಿ ತುಂಬ ಅದಾವ."

ಶೇವಂತಿ ಒಳಗೆ ಹೋಗಿ ನೀಲಕಂಠನ ಮಗ್ಗದ ಮುಂದೆ ನಿಂತಳು. ಆ ಶೆಡ್ಡಿನಲ್ಲಿ ಹಳೆಯ ನೇಕಾರ ಅವನೇ. ಅವನು ಕೈ ನಿಲ್ಲಿಸಿದರೆ ಉಳಿದವರೂ ನಿಲ್ಲಿಸಿಯಾರು. 'ಒಂದ ತಾಸ, ತಮ್ಮಾ,' ಎಂದು ತುಟಿಯಾಡಿಸಿದಳು.

ನೀಲಕಂಠ ಅವಳ ಕಿವಿಗೇ ಬಾಯಿಟ್ಟು ಕೂಗಿದ. "ಕಸ್ತೂರೆವ್ವ ಸತ್ತಾಗ ಒಂದ ದಿನದ ಪಗಾರ ಹೋತಕ್ಕಾ! ಬಟ್ಟಿ ಇಳಿದ್ರಷ್ಟ ನಮಗ ರೊಟ್ಟಿ. ನನ್ನ ಮಗಳ ಕಾಲೇಜ್ ಫೀ ಅನಸವ್ವ ತುಂಬತಾಳೇನು?"

ಅವನ ಕಣ್ಣು ಮಾತ್ರ ಮೂಲೆಯ ಖಾಲಿ ಮಣೆಯ ಕಡೆ ಹೋಗಿ ಬಂತು. ಕೈ ನಿಲ್ಲಲಿಲ್ಲ.

ಅವನದೂ ಸುಳ್ಳಲ್ಲ. ಶೇವಂತಿ ಮೂಲೆಗೆ ಬಂದಳು. ಎರಡು ಮಣೆ, ಒಂದು ಬುಟ್ಟಿ. ಇನ್ನು ಸುತ್ತುವವಳು ತಾನೊಬ್ಬಳೇ. ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡಿದಳು. ಆಮೇಲೆ ಸೆರಗು ಹಾಸಿ ತುಂಬಿದ ಕಂಡಕಿಗಳನ್ನೆಲ್ಲ ಸುರಿದುಕೊಂಡು ಗಂಟು ಕಟ್ಟಿ, ಬಾಣಂತಿ ಕೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಹಿಂಬಾಗಿಲಿನಿಂದ ಹೊರಬಿದ್ದಳು.

ಓಣಿಯಲ್ಲಿ ಅನಸವ್ವನನ್ನು ಕಟ್ಟಿಗೆಯ ಕುರ್ಚಿಗೆ ಕೂಡಿಸಿ ಆಗಲೇ ಎತ್ತಿದ್ದರು. ಹೊರಲು ನಾಲ್ಕು ಜನ, ಹಿಂದೆ ದಾನಮ್ಮ, ಅಷ್ಟೇ. ಗೌರೀಶ ಕಳಿಸಿದ ಗುಲಾಬಿ ಹಾರ ಅನಸವ್ವನ ಎದೆಗಿಂತ ಅಗಲವಾಗಿತ್ತು.

"ಸೆರಗಿನ್ಯಾಗ ಏನ ಬೇ ಅದು?"

"ಸುಮ್ನ ನಡಿ."

ಕುರ್ಚಿ ಶೆಡ್ಡಿನ ಮುಂದೆ ಬರುವಷ್ಟರಲ್ಲಿ ಒಳಗೆ ಒಂದು ಮಗ್ಗ ನಿಂತಿತು. ಶೇವಂತಿಯ ಕಿವಿ ನಿಮಿರಿತು. ಇನ್ನೊಂದು ನಿಂತಿತು. ಮತ್ತೊಂದು. ಕೊನೆಗೆ ನೀಲಕಂಠನದೂ. ಅವನು ಖಾಲಿ ಲಾಳಿ ಹಿಡಿದು ಬಾಗಿಲಿಗೆ ಓಡಿಬಂದ. ಕುರ್ಚಿಯನ್ನು ಕಂಡು, ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು. ಹಿಂದಿನಿಂದ ಬಂದ ಗೌರೀಶ ಏನೋ ಕೂಗಿದ. ದನಿ ಕೇಳಲಿಲ್ಲ. ತುಟಿ ಓದುವುದು ಶೇವಂತಿಗೆ ಕಷ್ಟವೇ?

'ನಾಳೆಯಿಂದ ಬರಬ್ಯಾಡ.'

ಅವಳು ಹೂಂ ಎಂದು ತಲೆಯಾಡಿಸಿ ಮುಂದೆ ನಡೆದಳು.

"ನಿಂತಾವ ನೋಡ ದಾನಮ್ಮ," ಎಂದಳು.

"ಏನ ನಿಂತಾವ?"

"ಮಗ್ಗ!"

ದಾನಮ್ಮ ಕಿವಿಗೊಟ್ಟು ಕೇಳಿದಳು. ಪಕ್ಕದ ಶೆಡ್ಡು ಖಟಖಟ, ಎದುರಿನ ಶೆಡ್ಡು ಖಟಖಟ, ಓಣಿಯ ತುದಿಯವರೆಗೂ ಅದೇ.

"ನಿನಗೇನ ಹುಚ್ಚ ಹಿಡದೈತೇನ ಬೇ? ಎಲ್ಲಾ ನಡದಾವಲ್ಲ!"

ಶೇವಂತಿ ಸೆರಗಿನ ಗಂಟು ಅವುಚಿಕೊಂಡು ನಾಲ್ಕು ಹೆಜ್ಜೆ ಓಡಿ ಕುರ್ಚಿಯನ್ನು ದಾಟಿ ಮುಂದಾದಳು. ತಿರುಗಿ, ಹಿಮ್ಮುಖವಾಗಿ ನಡೆಯುತ್ತ, ಅನಸವ್ವನ ಮುಖ ನೋಡಿ ದನಿಯಿಲ್ಲದೆ ತುಟಿಯಾಡಿಸಿದಳು.

'ನಿಂತಾವ ಬೇ.'

ದಾನಮ್ಮ ಕುರ್ಚಿಗೆ ಬಿಗಿದಿದ್ದ ಹಣೆಯ ಬಟ್ಟೆ ಸಡಿಲಾಗಿತ್ತು. ಹೊತ್ತವರು ಒಂದೊಂದು ಹೆಜ್ಜೆಯಿಟ್ಟ ಹಾಗೆಲ್ಲ ಅನಸವ್ವನ ತಲೆ ಮೆಲ್ಲಗೆ ಬಾಗಿ, ಏಳುತ್ತಿತ್ತು.