ಏರಿದ ಎವರೇಜ್

ಶರಣಬಸಪ್ಪನ ಮೂರು ಕಾರುಗಳು ಕೊಪ್ಪಳದ ಕಚೇರಿಗಳಿಗೆ ತಿಂಗಳ ಬಾಡಿಗೆಗೆ ಓಡುತ್ತಿದ್ದವು. ಅವುಗಳಲ್ಲಿ ಹಳೆಯದನ್ನು ಹನುಮೇಶ ಆರು ವರ್ಷದಿಂದ ಓಡಿಸುತ್ತಿದ್ದ. ಅದರ ಎವರೇಜ್ ಒಂದು ಲೀಟರ್ ಡೀಸೆಲ್‌ಗೆ ಹದಿಮೂರು ಕಿಲೋಮೀಟರಿನ ಮೇಲೆ ಎಂದೂ ಹೋದದ್ದಿಲ್ಲ. ಡೀಸೆಲ್ ದರ ಮತ್ತೆ ಏರಿದಾಗ ಶರಣಬಸಪ್ಪನಿಗೆ ಸಾಕಾಯಿತು.

"ಈ ಗಾಡಿ ದುಡದದ್ದೆಲ್ಲಾ ತಾನ ಕುಡೀತೈತಿ. ದೀಪಾವಳಿ ಮುಗೀಲಿ, ಮಾರಿಬಿಡ್ತೀನಿ."

"ನಾ ಏನ್ ಮಾಡ್ಲಿರಿ ಸಾವ್ಕಾರ್ರ?"

"ನೀನೂ ಅದರ ಜೋಡಿ ಹೋಗು. ತಗೊಂಡಾವಗ ಹೇಳ್ತೀನಿ, ಸ್ಟೆಪ್ನಿ, ಜ್ಯಾಕು, ಹನುಮೇಶ, ಮೂರೂ ಪುಕ್ಕಟೆ ಅಂತ."

ನಕ್ಕವನು ಶರಣಬಸಪ್ಪ ಒಬ್ಬನೇ. ಡ್ರೈವರ್ ಆಗುವ ಮುಂಚೆ ಹನುಮೇಶ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಗಾಡಿ ಮಾರಿದರೆ ಮತ್ತೆ ಅಲ್ಲಿಗೇ ಹೋಗಬೇಕು. ಆ ಬೆನ್ನು ಈಗ ಉಳಿದಿರಲಿಲ್ಲ.

ದಾರಿ ತೋರಿಸಿದವನು ಮೆಕ್ಯಾನಿಕ್ ಮರ್ದಾನಸಾಬ. ಎಂಜಿನ್ ಪರೀಕ್ಷೆಗೆ ಗ್ಯಾರೇಜಿನವರು ಮಷಿನ್ ಜೋಡಿಸುವ ಸಾಕೆಟ್ ಸ್ಟೀರಿಂಗಿನ ಕೆಳಗಿರುತ್ತದೆ. ಅದಕ್ಕೆ ಚುಚ್ಚುವ ಅಂಗೈಯಷ್ಟು ಮೀಟರ್ ಒಂದು ಅವನಲ್ಲಿತ್ತು. ಈ ಕ್ಷಣ ಗಾಡಿ ಲೀಟರಿಗೆ ಎಷ್ಟು ಓಡುತ್ತಿದೆ, ಚಾಲೂ ಮಾಡಿದಲ್ಲಿಂದ ಸರಾಸರಿ ಎಷ್ಟು ಎಂದು ಅದರಲ್ಲಿ ಅಂಕಿ ಬರುತ್ತಿತ್ತು.

"ಇದು ಡೀಸೆಲ್ ಉಳಸ್ತೈತೇನು?"

"ಇದೇನ್ ಉಳಸ್ತೈತಿ? ನಿನ್ನ ಕಾಲು ಮಾಡೋ ದಂಡ ತೋರಸ್ತೈತಿ. ನಾಚಿಕಿ ಇದ್ದಾವಗ ಉಳೀತೈತಿ."

ಹನುಮೇಶ ಅದನ್ನು ಕೊಂಡು ತಂದ. ಹೆಂಡತಿ ಸುರೇಖಾ ಮೀಟರನ್ನು ಮುಟ್ಟಲೂ ಇಲ್ಲ.

"ಗಾಡಿ ಅವಂದು, ಡೀಸೆಲ್ ಅವಂದು. ರೊಕ್ಕ ಯಾಕ ನಮ್ದು?"

ಮೊದಲ ದಿನವೇ ಅವನಿಗೆ ತನ್ನ ಕಾಲಿನ ಪರಿಚಯವಾಯಿತು. ಎಕ್ಸಿಲರೇಟರ್ ಜೋರಾಗಿ ಒತ್ತಿದರೆ ಅಂಕಿ ನಾಲ್ಕಕ್ಕೆ ಬೀಳುತ್ತಿತ್ತು. ಹಗುರಾಗಿ ಒತ್ತಿದರೆ ಇಪ್ಪತ್ತು ದಾಟುತ್ತಿತ್ತು. ಹಂಪ್ ಹತ್ತಿರ ಬಂದಾಗ ಬ್ರೇಕ್ ಹಾಕುವ ಬದಲು ದೂರದಿಂದಲೇ ಕಾಲು ತೆಗೆಯುವುದನ್ನು ಕಲಿತ. ಹುಲಿಗಿಯಲ್ಲಿ ಹುಲಿಗೆಮ್ಮ ದೇವಿಯ ದರ್ಶನಕ್ಕೆ ಬಂದ ಟ್ರ್ಯಾಕ್ಟರುಗಳು ರಸ್ತೆ ತುಂಬಿದರೆ ಎಂಜಿನ್ ಬಂದ್ ಮಾಡಿ ಕೂತ. ಟೈರುಗಳಿಗೆ ವಾರವಾರ ಗಾಳಿ ಹಾಕಿಸಿದ. ಗಂಗಾವತಿ ರಸ್ತೆಯಲ್ಲಿ ಭತ್ತ ತುಂಬಿದ ಲಾರಿಗಳು ಅವನನ್ನು ಹಾರ್ನ್ ಹೊಡೆದು ದಾಟಿಹೋದವು.

"ಹನುಮೇಶ, ಮೀಟಿಂಗ್ ಮುಗಿದ ಮ್ಯಾಲ ಮುಟ್ಟೂಣೇನು?" ಎಂದು ಗಾಡಿ ಬಾಡಿಗೆಗೆ ಪಡೆದ ಕಚೇರಿಯ ದೀಪಿಕಾ ಮೇಡಮ್ ಹಿಂದಿನ ಸೀಟಿನಿಂದ ಕೇಳುತ್ತಿದ್ದರು.

"ಇಲ್ರಿ ಮೇಡಂ, ಚಾ ಕೊಡೂದರಾಗ ಮುಟ್ಟತೀವಿ."

ತಿಂಗಳ ಕೊನೆಗೆ ಶರಣಬಸಪ್ಪ ಡೀಸೆಲ್ ಬಿಲ್ಲು ಕೂಡಿಸಿ ಲೆಕ್ಕ ಹಾಕಿದ. ಹದಿನೇಳು ಬಂದಿತ್ತು. ಎರಡನೇ ಸಲ ಲೆಕ್ಕ ಹಾಕಿದರೂ ಹದಿನೇಳೇ. ಹನುಮೇಶನ ಬೆನ್ನು ತಟ್ಟಿ ಚಹಾ ತರಿಸಿದ. ಗಾಡಿ ಮಾರುವ ಮಾತು ಇನ್ನಿಲ್ಲ ಎಂದ.

ಮರುದಿನ ಬೆಳಿಗ್ಗೆ ಅವನ ಮುಖ ಬೇರೆಯಾಗಿತ್ತು.

"ಹನುಮೇಶಾ, ಗಾಡಿ ಅದಾ ಹಳೇದು, ರಸ್ತಾ ಅದಾ ಹಳೇದು, ಡ್ರೈವರ್ರೂ ನೀನಾ. ಹಂಗಾದ್ರ ಆರು ವರ್ಷ ಆ ನಾಕು ಕಿಲೋಮೀಟರ್ ಎಲ್ಲಿ ಹೋಗಿದ್ವು?"

ಪ್ರಶ್ನೆ ಹನುಮೇಶನಿಗೆ ತಕ್ಷಣ ತಿಳಿಯಿತು. ಟ್ಯಾಂಕಿಗೆ ಕಡಿಮೆ ಹಾಕಿಸಿ, ಬಂಕಿನಲ್ಲಿ ಹೆಚ್ಚಿಗೆ ಬಿಲ್ಲು ಬರೆಸಿ, ನಡುವಿನ ಹಣ ಜೇಬಿಗಿಳಿಸುವ ಡ್ರೈವರುಗಳು ಊರಲ್ಲಿ ಬೇಕಾದಷ್ಟಿದ್ದರು. ಅವನು ಒಂದು ಸಲವೂ ಹಾಗೆ ಮಾಡಿರಲಿಲ್ಲ.

"ಕಾಲು ಸರಿ ಇರಲಿಲ್ರಿ ಸಾವ್ಕಾರ್ರ. ಈಗ ಮೀಟರ್ ನೋಡಿ ಕಲ್ತೀನಿ. ಹುಲಿಗೆಮ್ಮನ ಆಣಿ."

"ಅಕಿನ್ಯಾಕ ನಡುವ ತರ್ತಿ? ಡೀಸೆಲ್ ಹಾಕ್ಸಾಕ ಅಕಿ ಬಂದಿದ್ಲೇನು?"

"ನೀವಾ ಬರ್ರಿ. ಗಾಡ್ಯಾಗ ಕುಂತು ನೋಡ್ರಿ."

ಇಬ್ಬರೂ ಕುಷ್ಟಗಿಗೆ ಹೊರಟರು. ಹೋಗುವಾಗ ಹನುಮೇಶ ಹೊಸದಾಗಿ ಕಲಿತ ಹಾಗೆ ಓಡಿಸಿದ. ಮೀಟರು ಸರಾಸರಿ ಹದಿನೇಳರ ಮೇಲೆ ತೋರಿಸಿತು. ಬರುವಾಗ ಹಳೆಯ ಹಾಗೆ ಓಡಿಸಿದ. ಒತ್ತಿದ, ಬ್ರೇಕ್ ಹೊಡೆದ, ಮತ್ತೆ ಒತ್ತಿದ. ಊರು ಮುಟ್ಟುವಾಗ ಸರಾಸರಿ ಹದಿಮೂರಕ್ಕೆ ಇಳಿದಿತ್ತು. ತನ್ನ ಮಾತು ಗೆದ್ದಿತೆಂದು ಅವನು ಗಾಡಿ ನಿಲ್ಲಿಸಿದ.

"ನೋಡಿದ್ರೆಲ್ರಿ? ಹಿಂದ ಹಿಂಗ ಹೊಡೀತಿದ್ದೆ."

ಶರಣಬಸಪ್ಪ ಮೀಟರಿನ ಕಡೆ ಬೆರಳು ತೋರಿಸಿದ.

"ಅಂದ್ರ ಹದಿಮೂರು ಬೇಕಂದ್ರ ಹದಿಮೂರು, ಹದಿನೇಳು ಬೇಕಂದ್ರ ಹದಿನೇಳು. ಎಷ್ಟು ಬೇಕೋ ಅಷ್ಟು ತೋರಸ್ತಿ ನೀನು. ಚಾವಿ ಕೊಡು."

ಹನುಮೇಶ ಕೊಟ್ಟ. ಮೀಟರಿನ ವೈರ್ ಕೀಳಲು ಬಗ್ಗಿದಾಗ ಶರಣಬಸಪ್ಪ ಅವನ ಕೈ ಹಿಡಿದ.

"ಅದು ನಂದ್ರಿ. ನಾ ತಂದದ್ದು."

"ಯಾರ ರೊಕ್ಕದಾಗ ತಂದಿ?"

ಹನುಮೇಶ ಇಳಿದು ಹೊರಟ. ಇನ್ನೊಂದು ಕಾರಿನ ಡ್ರೈವರ್ ಅಯ್ಯಪ್ಪ ಗೇಟಿನ ಹತ್ತಿರ ಬೀಡಿ ಸೇದುತ್ತ ಎಲ್ಲವನ್ನೂ ನೋಡಿದ್ದ. ಅವನು ತಿಂಗಳು ತಪ್ಪದೆ ಹೆಚ್ಚಿಗೆ ಬಿಲ್ಲು ಬರೆಸುತ್ತಾನೆಂಬುದು ಡ್ರೈವರುಗಳಿಗೆಲ್ಲ ಗೊತ್ತಿತ್ತು.

"ಲೇ ಹುಚ್ಚಾ, ತಿಂದಾಂವ ನಾನು, ಸಿಕ್ಕಾಂವ ನೀನು. ನಾ ಎಂದಾದ್ರೂ ಹದಿಮೂರು ದಾಟಿಸೀನೇನು?"

"ನೀನರ ಹೇಳು ಅವ್ರಿಗೆ, ನಾ ತಿಂದಿಲ್ಲ ಅಂತ."

"ಹೇಳಿದ್ರ ನಿನಗ ಹೆಂಗ ಗೊತ್ತು ಅಂತಾನ. ಏನ್ ಹೇಳ್ಲಿ?" ಅಯ್ಯಪ್ಪ ಬೀಡಿ ಎಸೆದು ಒಳಗೆ ಹೋದ. ಸಂಜೆಗೆ ಹನುಮೇಶನ ಗಾಡಿಯ ಚಾವಿಯೂ ಅವನ ಕೈಗೆ ಬಂತು.

ಡೀಸೆಲ್ ತಿಂದವನೆಂಬ ಮಾತು ಹಬ್ಬಿ ಕೊಪ್ಪಳದಲ್ಲಿ ಯಾರೂ ಹನುಮೇಶನನ್ನು ಕೆಲಸಕ್ಕೆ ಕರೆಯಲಿಲ್ಲ. ಮುಂದಿನ ಮಳೆಗಾಲ ಹಿಡಿಯುವಾಗ ಗಂಗಾವತಿಯ ಇಬ್ರಾಹಿಂಸಾಬನಲ್ಲಿ ಒಂದು ಜೀಪು ಖಾಲಿ ಇದೆಯೆಂದು ಕೇಳಿ ಹೋದ.

"ಎವರೇಜ್ ಎಷ್ಟು ತಗೀತಿ?" ಎಂದ ಇಬ್ರಾಹಿಂಸಾಬ.

"ಮೊದಲಿನಾಂವ ಎಷ್ಟು ತಗೀತಿದ್ದರಿ?"

"ಹನ್ನೊಂದು."

"ಅಷ್ಟಾ ತಗೀತೀನ್ರಿ."

ಇಬ್ರಾಹಿಂಸಾಬ ಒಪ್ಪಿದ. ಆದರೆ ಹನುಮೇಶನ ಕಾಲಿಗೆ ಹಳೆಯ ಓಟ ಮರಳಿ ಬರಲಿಲ್ಲ. ಎಷ್ಟು ಒರಟಾಗಿ ಓಡಿಸಬೇಕೆಂದುಕೊಂಡರೂ ಕಾಲು ಹಗುರಾಗಿಯೇ ಒತ್ತುತ್ತಿತ್ತು; ಡೀಸೆಲ್ ಉಳಿಯುತ್ತಲೇ ಹೋಯಿತು. ಲೆಕ್ಕ ಹನ್ನೊಂದು ದಾಟಬಾರದೆಂದು, ಬಾಡಿಗೆ ಮುಗಿದ ಮೇಲೆ ಅವನು ವಿರೂಪಾಪುರಗಡ್ಡೆಯ ದಾರಿಯಲ್ಲಿ, ಗದ್ದೆಗಳ ಪಕ್ಕ ಜೀಪು ನಿಲ್ಲಿಸಿ, ಖಾಲಿ ಗಾಡಿಯ ಎಂಜಿನ್ ಚಾಲೂ ಬಿಟ್ಟು ಬೇವಿನ ಗಿಡದ ಕೆಳಗೆ ಕೂರುತ್ತಿದ್ದ. ಹೊಗೆ ಭತ್ತದ ಮೇಲೆ ಹಾಯುತ್ತಿತ್ತು. ಸಾಕೆನಿಸಿದಾಗ ಎದ್ದು ಹೋಗಿ ಬಂದ್ ಮಾಡುತ್ತಿದ್ದ.

ತಿಂಗಳ ಲೆಕ್ಕದಲ್ಲಿ ಹನ್ನೊಂದು ಬಂತು. ಇಬ್ರಾಹಿಂಸಾಬ ಏನೂ ಕೇಳಲಿಲ್ಲ.