ನಿಂತ ಕಣದ ಉದ್ದ

ತಪ್ಪು ಚಿಕ್ಕಮ್ಮ ಕಟ್ಟಿದ ಬೋರ್ಡಿನಲ್ಲೇ ಇರಬೇಕು. ಇನ್ನೆಲ್ಲಿ? ಎಲೆಕ್ಟ್ರಾನಿನ ದ್ರವ್ಯರಾಶಿ ನಿನ್ನೆ ಇದ್ದಷ್ಟೇ ಇವತ್ತೂ ಇದೆ. ಬೆಳಕಿನ ವೇಗ ಯಾರ ಮುಲಾಜಿಗೂ ಬದಲಾಗುವುದಿಲ್ಲ. ಉಳಿದದ್ದು ಅವಳ ಕೈ. ಆದರೆ ಅವಳ ಕೈ ತಪ್ಪುವುದೆಂದರೇನು?

ಪ್ರಯೋಗಾಲಯದ ಮೇಜಿನ ತುದಿಯಲ್ಲಿ ಕುಳಿತು ಅವನು ಬೆಳಗಿನಿಂದ ಇದನ್ನೇ ಮೆಲುಕು ಹಾಕುತ್ತಿದ್ದ. ಮಾತು ಕಡಿಮೆ ಎಂದು ವಿಭಾಗದವರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಸೀಸದ ಇಟ್ಟಿಗೆಗಳ ಗೂಡು. ಅದರೊಳಗಿಂದ ಹೊರಟ ಗಾಮಾ ಕಿರಣ ಅಲ್ಯೂಮಿನಿಯಂ ಸರಳೊಂದರ ಎಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ತಿರುಗುತ್ತಿತ್ತು. ತಿರುಗುವಾಗ ಅದರ ಅಲೆ ಒಂದಿಷ್ಟು ಉದ್ದವಾಗುತ್ತದೆ. ಲಂಬಕೋನದಲ್ಲಿ ನಿಂತು ಅಳೆದರೆ, ಹೆಚ್ಚಿದ ಉದ್ದ ಎಷ್ಟೋ ಅಷ್ಟೇ ಎಲೆಕ್ಟ್ರಾನಿನ ಸ್ವಂತ ಅಲೆಯುದ್ದ. ತಿರುಗಿದ ಕಿರಣವನ್ನು ಹಿಡಿದು ಅಳೆಯುವ ಯಂತ್ರದ ಉತ್ತರಕ್ಕೂ ಕಾಗದದ ಲೆಕ್ಕಕ್ಕೂ ತಾಳೆಯಾಗಬೇಕು. ಆಗುತ್ತಿರಲಿಲ್ಲ. ಯಂತ್ರ ಆರು ಪಟ್ಟಿಗೂ ಹೆಚ್ಚು ಹೇಳುತ್ತಿತ್ತು.

ಯಂತ್ರದ ಆಂಪ್ಲಿಫೈಯರ್ ಬೋರ್ಡ್ ಸುಟ್ಟುಹೋದಾಗ ಹೊಸದನ್ನು ಕಟ್ಟಿಕೊಟ್ಟವಳು ನೆಲಮಾಳಿಗೆಯ ವರ್ಕ್‌ಶಾಪಿನ ಮೆಕ್ಯಾನಿಕ್, ಅವನ ಚಿಕ್ಕಮ್ಮ. ತಾಳೆಯಾಗುತ್ತಿಲ್ಲ ಎಂದು ಕೇಳಿದ ಪ್ರೊಫೆಸರ್ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಿದ್ದರು: "ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಕಿತ್ತುಹಾಕಿ. ಹೊರಗಡೆಯಿಂದ ತರಿಸೋಣ. ಇನ್ಮೇಲೆ ವರ್ಕ್‌ಶಾಪಿಗೆ ಏನೂ ಕೊಡೋದು ಬೇಡ." ಹಾಗಾದರೆ ನೆಲಮಾಳಿಗೆಗೆ ಬೀಗ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಚಿಕ್ಕಮ್ಮ ಸೋಲ್ಡರಿಂಗ್ ಐರನ್ ಹಿಡಿದುಕೊಂಡೇ ಬಂದಳು.

"ಏನೋ ಮೌನಿ, ಮುಖ ಒಡೆದ ಹಾಲಿನ ಥರ ಆಗಿದೆ?"

"ತಾಳೆ ಆಗ್ತಾ ಇಲ್ಲ ಚಿಕ್ಕಮ್ಮ."

"ಲೆಕ್ಕ ಇನ್ನೊಂದ್ಸಲ ನೋಡಿದ್ಯಾ?"

"ನೋಡಿ ನೋಡಿ ಕಣ್ಣು ಸವೆದುಹೋಯ್ತು."

"ಸರಿ ಬಿಡು, ಹಾಗಾದ್ರೆ ನಂದೇ ತಪ್ಪು. ಮಗ್ಗಿ ಕಲಿಯೋವಾಗಿಂದ ನೋಡಿದೀನಿ, ನಿನ್ನ ಲೆಕ್ಕ ತಪ್ಪಿದ್ದಿಲ್ಲ." ಅವಳು ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದಳು. "ನಾನು ಕಟ್ಟಿದ್ದನ್ನ ಬೇರೆಯವರು ಯಾಕೆ ಕೀಳಬೇಕು? ನಾನೇ ಬಿಚ್ತೀನಿ. ಇದು ಕಾಯೋವರೆಗೆ ನೀನು ಬಿಸಿಬಿಸಿ ನಿಟ್ಟುಸಿರು ಬಿಡ್ತಾ ಇರು, ಬೇಗ ಕಾಯುತ್ತೆ."

ಅವನಿಗೆ ನಗು ಬರಲಿಲ್ಲ. ಅವಳು ಯಂತ್ರವನ್ನು ಆರಿಸಿ, ತಿರುಪುಗಳನ್ನು ಬಿಚ್ಚಿ, ಮುಚ್ಚಳ ತೆಗೆದಳು. ಅವನು ಆ ಬೋರ್ಡನ್ನು ಮೊದಲ ಸಲ ನೋಡಿದ. ಸಾಸಿವೆಯಷ್ಟು ಚಿಕ್ಕ ಬೆಸುಗೆಗಳು ಸಾಲಾಗಿ ಹೊಳೆಯುತ್ತಿದ್ದವು. ಯಾರೂ ನೋಡದ ಮುಚ್ಚಳದ ಒಳಗೆ, ಯಾವ ಬೆಸುಗೆಯೂ ಅತ್ತಿತ್ತ ಹರಡಿರಲಿಲ್ಲ.

ಅವನು ಪೆನ್ಸಿಲ್ ಎತ್ತಿಕೊಂಡ. ಆರು ಪಟ್ಟಿಗೂ ಹೆಚ್ಚು ಎಂದರೆ ಸರಿಯಾಗಿ ಎಷ್ಟು? ಯಂತ್ರದ ಉತ್ತರವನ್ನು ತನ್ನ ಉತ್ತರದಿಂದ ಭಾಗಿಸಿದ. ಆರು ಪಾಯಿಂಟ್ ಎರಡು ಎಂಟರ ಆಸುಪಾಸು. ಎರಡು ಪೈ. ಯಾವ ವೃತ್ತದ ಸುತ್ತಳತೆಯನ್ನು ಅದರ ತ್ರಿಜ್ಯದಿಂದ ಭಾಗಿಸಿದರೂ ಬರುವ ಸಂಖ್ಯೆ.

ಕೆಟ್ಟ ಬೆಸುಗೆಗೆ ಪೈ ಗೊತ್ತಿರುವುದಿಲ್ಲ.

"ಚಿಕ್ಕಮ್ಮ, ತಡಿ! ಮುಟ್ಟಬೇಡ!"

ಕಾದ ತುದಿ ಬೋರ್ಡಿನ ಮೇಲೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. "ಅಬ್ಬಾ! ಇವನಿಗೆ ಕಿರುಚೋಕೂ ಬರುತ್ತಾ?"

ಪ್ಲಾಂಕ್ ಸ್ಥಿರಾಂಕವನ್ನು ಎರಡು ರೂಪದಲ್ಲಿ ಬಳಸುತ್ತಾರೆ. ಒಂದು ಇಡಿಯಾದದ್ದು, ಇನ್ನೊಂದು ಮೊದಲೇ ಎರಡು ಪೈಯಿಂದ ಭಾಗಿಸಿಟ್ಟದ್ದು. ಸಿದ್ಧಾಂತದ ಕೆಲಸ ಮಾಡುವವರಿಗೆ ಎರಡನೆಯದೇ ಅಭ್ಯಾಸ. ವರ್ಷಗಟ್ಟಲೆ ಅದನ್ನೇ ಬರೆದ ಅವನ ಕೈ, ಇಡಿಯಾದದ್ದು ಬೇಕಾದ ಇಲ್ಲಿಯೂ ಅದನ್ನೇ ಬರೆದಿತ್ತು. ಅದೇ ಕೈಗೆ ಒಗ್ಗಿದ ಕಣ್ಣು ಪ್ರತಿಸಲವೂ ಸರಿ ಎಂದು ದಾಟಿಹೋಗಿತ್ತು.

ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದ. ಮೇಲೆ ಇಡಿಯಾದ ಸ್ಥಿರಾಂಕ. ಕೆಳಗೆ ನಿಶ್ಚಲ ಎಲೆಕ್ಟ್ರಾನಿನ ದ್ರವ್ಯರಾಶಿ, ಪಕ್ಕದಲ್ಲಿ ಬೆಳಕಿನ ವೇಗ. ಭಾಗಿಸಿದ. ಒಂದು ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂಥ ಎರಡು ಪಾಲು, ಮೇಲೆ ಇನ್ನೊಂದು ಅರ್ಧಕ್ಕೆ ತುಸು ಕಡಿಮೆ. ಯಂತ್ರ ಬೆಳಗಿನಿಂದ ಹೇಳುತ್ತಿದ್ದದ್ದು ಇದನ್ನೇ.

ಪೆನ್ಸಿಲ್ ಕೆಳಗಿಟ್ಟ. ಈ ಲೆಕ್ಕದಲ್ಲಿ ಅಲ್ಯೂಮಿನಿಯಂ ಎಲ್ಲೂ ಇರಲಿಲ್ಲ, ಗಾಮಾ ಕಿರಣ ಇರಲಿಲ್ಲ, ಈ ಕೋಣೆಯಾಗಲಿ ಈ ದಿನವಾಗಲಿ ಇರಲಿಲ್ಲ. ಎಲ್ಲಿಗೂ ಹೋಗದೆ, ಏನೂ ಮಾಡದೆ ಸುಮ್ಮನೆ ನಿಂತ ಒಂದು ಕಣ. ಸುಮ್ಮನಿರುವುದಕ್ಕೂ ಒಂದು ಉದ್ದವಿತ್ತು.

"ನಿನ್ನ ಬೋರ್ಡ್ ಸರಿಯಾಗಿದೆ. ತಪ್ಪಿದ್ದು ನನ್ನ ಲೆಕ್ಕ," ಎಂದ.

ಚಿಕ್ಕಮ್ಮ ಸ್ವಿಚ್ ಆರಿಸಿ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಆಮೇಲೆ ಹಾಳೆಯನ್ನು ಎಳೆದುಕೊಂಡು ನೋಡಿದಳು.

"ಇಷ್ಟೇನಾ ಅದರ ಉದ್ದ? ಈ ಸರಳಲ್ಲಿರೋ ಎಲ್ಲದಕ್ಕೂ ಇಷ್ಟೇನಾ?"

"ಎಲ್ಲದಕ್ಕೂ. ನಿನ್ನ ಉಗುರಲ್ಲಿರೋದಕ್ಕೂ. ನಕ್ಷತ್ರದಲ್ಲಿರೋದಕ್ಕೂ."

"ಒಂಚೂರೂ ಹೆಚ್ಚುಕಮ್ಮಿ ಇಲ್ವಾ?"

"ಇಲ್ಲ."

ಅವಳು ಬಿಚ್ಚಿಟ್ಟ ತಿರುಪುಗಳನ್ನು ಅಂಗೈಯಲ್ಲಿ ಉರುಳಿಸಿದಳು. "ನಾನು ಒಂದೇ ಲೇತಿನಲ್ಲಿ ಕಡೆದ್ರೂ ಇವು ಒಂದೊಂದು ಒಂದೊಂದು ಥರ ಬರ್ತವೆ ಕಣೋ. ಅದನ್ನೆಲ್ಲ ಯಾರಪ್ಪಾ ಕಡೆದಿದ್ದು?"

ಇಬ್ಬರೂ ಅಲ್ಯೂಮಿನಿಯಂ ಸರಳನ್ನೇ ನೋಡುತ್ತ ಕುಳಿತರು. ಬಾಗಿಲ ಹೊರಗೆ ಪ್ರೊಫೆಸರರ ಚಪ್ಪಲಿ ಸದ್ದು ಹತ್ತಿರವಾದಾಗ ಅವಳು ಎದ್ದು, ಮುಚ್ಚಳ ಹಾಕಿ, ತಿರುಪು ಬಿಗಿದಳು.

"ಅಲ್ಲಾ, ಲೆಕ್ಕದಲ್ಲೇ ತಪ್ಪಿದೆ ಅಂತ ನಿಂಗೆ ಹೊಳೆದಿದ್ದು ಹೇಗೆ?"

"ಹಾಗೇ ಭಾಗಿಸಿ ನೋಡಿದೆ," ಎಂದ ಅವನು.

ಭಾಗಿಸಿ ನೋಡುವ ಧೈರ್ಯ ಬಂದದ್ದು ಆ ಬೆಸುಗೆಗಳನ್ನು ನೋಡಿದ ಮೇಲೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.